ಇಬ್ಬರಿಗೆ ಒಂದು ಟ್ಯೂಬು

ಡಯಾಲಿಸಿಸ್ ಕೇಂದ್ರದ ಬೆಳಗಿನ ಬ್ಯಾಚಿನಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ರೈಟ್ ಮಾಮ ಎಂದರೆ ಸಾಕು. ನಿವೃತ್ತಿಯವರೆಗೂ ಬಸ್ ಕಂಡಕ್ಟರ್ ಆಗಿದ್ದ ಮನುಷ್ಯ. ಸಿಸ್ಟರ್ ಎಡಗೈಗೆ ಸೂಜಿ ಚುಚ್ಚಿ, ಟ್ಯೂಬು ಜೋಡಿಸಿ, ಯಂತ್ರದ ಗುಂಡಿ ಒತ್ತಿದ ಕೂಡಲೇ ಬಲಗೈಯಿಂದ ಕುರ್ಚಿಯ ಹಿಡಿಯನ್ನು ತಟ್ಟಿ "ರೈಟ್, ರೈಟ್!" ಎನ್ನುತ್ತಿದ್ದರು. ಆಮೇಲೆ ರಕ್ತ ಟ್ಯೂಬಿನಲ್ಲಿ ಹೊರಟು, ಯಂತ್ರದಲ್ಲಿ ತೊಳೆದುಕೊಂಡು, ಮತ್ತೆ ಮೈಗೆ ಬಂದು ಸೇರುವವರೆಗೆ ಅವರ ಬಾಯಿಗೆ ಬಿಡುವಿರುತ್ತಿರಲಿಲ್ಲ. ಹೊಸಬರು ಹೆದರಿ ಮುಖ ಸಣ್ಣದು ಮಾಡಿಕೊಂಡಿದ್ದರೆ, "ಏನ್ ಮಾರಾಯಾ, ಕೂತಲ್ಲೇ ಪ್ರಯಾಣ, ಟಿಕೆಟ್ಟೂ ಇಲ್ಲ" ಎಂದು ನಗಿಸಿಬಿಡುತ್ತಿದ್ದರು. ಹೊಗಳುವುದಕ್ಕೆಂದು ಹೇಳುತ್ತಿಲ್ಲ, ಅವರು ಬಾರದ ದಿನ ಆ ಕೋಣೆ ಬಿಕೋ ಎನ್ನುತ್ತಿತ್ತು.

ಅವರ ಪಕ್ಕದ ಕುರ್ಚಿ ಟ್ಯೂಬಕ್ಕನದು. ಊರ ಹೊರಗೆ ಒಂದು ಕಾರ್ಖಾನೆಯಿತ್ತು, ಇಂಥವೇ ಟ್ಯೂಬುಗಳನ್ನು ಮಾಡುತ್ತಿತ್ತು. ಅಲ್ಲಿ ಅವುಗಳನ್ನು ಸುರುಳಿ ಸುತ್ತಿ ಕವರಿಗೆ ಹಾಕುವ ಕೆಲಸ ಆಕೆಯದು. ಚೀನಾದಿಂದ ಅರ್ಧ ಬೆಲೆಗೆ ಬರತೊಡಗಿದ ಮೇಲೆ ಆಸ್ಪತ್ರೆಗಳೆಲ್ಲ ಅತ್ತ ತಿರುಗಿದವು. ಕಾರ್ಖಾನೆಗೆ ಬೀಗ ಬಿತ್ತು, ಈಗ ಅದು ಯಾರದೋ ಗೋದಾಮು. ಕೆಲಸ ಹೋಗಿ ಕೆಲವು ವರ್ಷಕ್ಕೆ ಆಕೆಯ ಕಿಡ್ನಿಯೂ ಕೈಕೊಟ್ಟಿತು. ಅಗ್ಗಕ್ಕೆ ಕೊಂಡವರನ್ನು ಬೈಯುವುದು ಸುಲಭ. ಆದರೆ ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಈ ಕೇಂದ್ರ ಬಡವರಿಗೆ ಪುಕ್ಕಟೆಯಾಗಿ ನಡೆಯುತ್ತಿತ್ತು, ರೈಟ್ ಮಾಮನೂ ಟ್ಯೂಬಕ್ಕನೂ ಉಸಿರಾಡಿಕೊಂಡಿದ್ದರು. ತನ್ನ ಕೆಲಸ ಕಿತ್ತುಕೊಂಡ ಟ್ಯೂಬೇ ತನ್ನ ಜೀವ ಹಿಡಿದಿದೆ ಎಂದು ಆಕೆಗೆ ಗೊತ್ತಿತ್ತು. "ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು ಹೇಳಿ ಅಣ್ಣ?" ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ಹೀಗಿರುವಾಗ ಅಲ್ಲೆಲ್ಲೋ ದೂರದ ಚೀನಾದಲ್ಲಿ ಒಂದು ಬಂದರು ಮುಚ್ಚಿತು. ಹಡಗು ಹೊರಡಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಿದ್ದ ಸಪ್ಲೈಯವನು ಕೊನೆಗೆ ಫೋನು ಎತ್ತುವುದನ್ನೇ ಬಿಟ್ಟ. ಯಂತ್ರಗಳೂ ಆ ಟ್ಯೂಬಿನ ಕಂಪನಿಯವೇ, ಬೇರೆ ಟ್ಯೂಬು ಹಾಕಿದರೆ ಕೂರುವುದಿಲ್ಲ. ಡಾಕ್ಟರು ಟ್ಯೂಬು ಹುಡುಕಿಕೊಂಡು ದೊಡ್ಡ ಊರಿಗೆ ಹೋದರು. ಸಿಸ್ಟರ್ ಪಕ್ಕದ ಊರಿನ ಆಸ್ಪತ್ರೆಗೆ ಫೋನು ಮಾಡಿದರೆ, ನಮ್ಮವರಿಗೇ ಸಾಲದು ಎಂಬ ಉತ್ತರ ಬಂತು.

"ಒಂದೇ ಬಸ್ ಇರೋ ರೂಟಲ್ಲಿ ಬಸ್ ಕೆಟ್ರೆ ಏನಾಗುತ್ತೆ?" ಎಂದರು ರೈಟ್ ಮಾಮ. "ಎಲ್ರೂ ಇಳಿದು ನಡೀತಾರೆ. ನಾವು ಎಲ್ಲಿಗೆ ನಡೆಯೋದು ಸಿಸ್ಟರ್?"

ಸಿಸ್ಟರ್ ಕಪಾಟು ತೆರೆದು ಎಣಿಸಿದರು. ಉಳಿದದ್ದನ್ನು ಹಂಚಿ, ಮರುದಿನಕ್ಕೆ ಅಕ್ಕಪಕ್ಕದ ಕುರ್ಚಿಯ ಇಬ್ಬರಿಗೆ ಒಂದು ಟ್ಯೂಬು ಎಂದು ಗೊತ್ತುಮಾಡಿದರು. ಒಬ್ಬರಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕುವ ಹಾಗಿಲ್ಲ. ಇಬ್ಬರಲ್ಲಿ ಯಾರು ಕೂರಬೇಕೆಂದು ನಿಮ್ಮನಿಮ್ಮಲ್ಲೇ ಮಾತಾಡಿಕೊಳ್ಳಿ ಎಂದು ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಆ ದಿನ ಟ್ಯೂಬು ಸಿಗದವರು ಮುಂದಿನ ಸರದಿಯವರೆಗೆ ಉಳಿಯುತ್ತಾರೆಂಬ ಖಾತ್ರಿ ಯಾರಿಗೂ ಇರಲಿಲ್ಲ.

ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತ ಗಂಡಸರನ್ನು ಎಬ್ಬಿಸುವುದರಲ್ಲಿ ರೈಟ್ ಮಾಮ ಎತ್ತಿದ ಕೈ. ನಿದ್ದೆ ಬಂದವರಂತೆ ನಟಿಸುವವರನ್ನೂ ಬಿಟ್ಟವರಲ್ಲ. ಅಂಥ ಮಾಮ ತಾವೇ ಕೂತು ಟ್ಯೂಬಕ್ಕನನ್ನು ನಿಲ್ಲಿಸುವುದುಂಟೇ? ಅಲ್ಲದೆ ಆಕೆಯ ಮಗಳು ಇನ್ನೂ ಶಾಲೆಗೆ ಹೋಗುವವಳು. "ನಾಳೆ ನೀನು ಹೋಗಮ್ಮ. ನನಗೆ ಸಿಸ್ಟರ್ ಮಧ್ಯಾಹ್ನದ ಬ್ಯಾಚಲ್ಲಿ ಬೇರೆ ಟ್ಯೂಬು ಎತ್ತಿಟ್ಟಿದಾರೆ" ಎಂದು ಫೋನಿನಲ್ಲಿ ಸಲೀಸಾಗಿ ಸುಳ್ಳು ಹೇಳಿದರು. ಆಕೆ "ಆಯ್ತಣ್ಣ" ಎಂದಳು. ಮನೆಯಲ್ಲಿ ಹೆಂಡತಿಗೆ, ಯಂತ್ರ ರಿಪೇರಿಯಲ್ಲಿದೆ ಎಂದು ಇನ್ನೊಂದು ಸುಳ್ಳು. ಬೆಳಿಗ್ಗೆ ಊದಿದ ಕಾಲನ್ನು ಚಾಪೆಯ ಮೇಲೆ ನೀಡಿಕೊಂಡು, ಏದುಸಿರು ಹೆಂಡತಿಗೆ ಕೇಳಿಸದಿರಲೆಂದು ರೇಡಿಯೋ ಜೋರು ಮಾಡಿ ಕೂತರು.

ಆದರೆ ಟ್ಯೂಬಕ್ಕ ಬದುಕಿನಲ್ಲಿ ಟ್ಯೂಬು ಎಣಿಸಿಯೇ ಅನ್ನ ತಿಂದವಳು. ಕಪಾಟಿನಲ್ಲಿ ಎಷ್ಟಿದೆ ಎಂದು ಒಮ್ಮೆ ಕಣ್ಣು ಹಾಯಿಸಿದ್ದಳು. ಮಧ್ಯಾಹ್ನದ ಬ್ಯಾಚಿಗೆ ಬೇರೆ ಇಲ್ಲವೆಂದು ತಿಳಿದೇ "ಆಯ್ತಣ್ಣ" ಎಂದಿದ್ದಳು. ತಾನು ಹೋಗದಿದ್ದರೆ ಸಿಸ್ಟರ್ ಹೇಗೂ ಅಣ್ಣನನ್ನು ಕರೆಸುತ್ತಾರೆ ಎಂದುಕೊಂಡು ಆಕೆಯೂ ಮನೆಯಲ್ಲೇ ಉಳಿದಳು.

ಅತ್ತ ಸಿಸ್ಟರ್ ಯಾರಾದರೊಬ್ಬರು ಬಂದೇ ಬರುತ್ತಾರೆಂಬ ನೆಚ್ಚಿಕೆಯಲ್ಲಿ ಕವರು ಹರಿದು, ಟ್ಯೂಬು ಕಟ್ಟಿ, ಸಲೈನ್ ನೀರು ಹರಿಸಿ ತಯಾರು ಮಾಡಿಟ್ಟಿದ್ದರು. ಒಮ್ಮೆ ಬಿಚ್ಚಿದ ಟ್ಯೂಬನ್ನು ತಿರುಗಿ ಕಪಾಟಿಗೆ ಇಡುವ ಹಾಗಿಲ್ಲ. ಎರಡು ಕುರ್ಚಿಯೂ ಖಾಲಿ. ಅವರು ಇಬ್ಬರ ಮನೆಗೂ ಫೋನು ಮಾಡಿದರು.

ರೈಟ್ ಮಾಮನ ಮನೆಯಲ್ಲಿ ಫೋನು ಎತ್ತಿದವರು ಹೆಂಡತಿ. ಕೇಳಿಸಿಕೊಂಡು, ರೇಡಿಯೋ ಆರಿಸಿ, ಗಂಡನ ಎದುರು ನಿಂತರು.

"ಸಾಯೋಕೆ ಹೊರಟೋರು ನನ್ನನ್ನ ಒಂದು ಮಾತು ಕೇಳ್ಬೇಕಾಗಿತ್ತು" ಎಂದರು. ದನಿ ಏರಿಸಲಿಲ್ಲ. ಚಪ್ಪಲಿಯನ್ನು ತಾವೇ ಗಂಡನ ಕಾಲಿಗೆ ತೊಡಿಸಿ, ಆಟೋ ಹತ್ತಿಸಿ, ತಾವೂ ಹತ್ತಿದರು.

ಕೇಂದ್ರದ ಬಾಗಿಲಲ್ಲಿ ಟ್ಯೂಬಕ್ಕನೂ ಎದುರಾದಳು. "ನೀವು ಕೂತ್ಕೊಳ್ಳಿ ಅಣ್ಣ." "ಸುಮ್ನಿರಮ್ಮ, ನೀನು ಕೂತ್ಕೋ." ಇಬ್ಬರಿಗೂ ನೆಟ್ಟಗೆ ನಿಲ್ಲಲು ತ್ರಾಣವಿಲ್ಲ, ಜಗಳ ಮಾತ್ರ ಬಿಡಲಿಲ್ಲ. ಸಿಸ್ಟರಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು, ಗದರಿದರು: "ಸಾಕು! ಇಬ್ರೂ ತೂಕದ ಮೆಷಿನ್ ಹತ್ತಿ. ಹೋದ ಸಲಕ್ಕಿಂತ ಯಾರ ಮೈಲಿ ನೀರು ಜಾಸ್ತಿ ತುಂಬಿದೆಯೋ ಅವರು ಕೂರೋದು. ಮಾತಿಲ್ಲ."

ಟ್ಯೂಬಕ್ಕ ಹತ್ತಿ ಇಳಿದಳು. ರೈಟ್ ಮಾಮ ಹತ್ತಿದವರು, ಬೀಳದಿರಲು ಆಸರೆ ಎಂಬಂತೆ ಕಿಟಕಿಯ ಸರಳು ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದರು.

"ಕೈ ತೆಗೀರಿ ಮಾಮ."

"ತಲೆ ಸುತ್ತುತ್ತೆ ಸಿಸ್ಟರ್."

"ಕೈ ತೆಗೀರಿ ಅಂದೆ!"

ಕೈ ತೆಗೆದರು. ಮುಳ್ಳು ಸರ್ರನೆ ಮೇಲೇರಿತು. ಟಿಕೆಟ್ಟಿಲ್ಲದ ಎಷ್ಟೋ ಜನರನ್ನು ಹಿಡಿದಿದ್ದವರು ಅಂದು ತಾವೇ ಸಿಕ್ಕಿಬಿದ್ದರು. ಹೆಂಡತಿ ಅವರನ್ನು ತೋಳು ಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದರು. ಯಂತ್ರ ಶುರುವಾಯಿತು. ರೈಟ್ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಪಕ್ಕದ ಬೆಂಚಿನ ಮೇಲೆ ಟ್ಯೂಬಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು, ತುಟಿ ಕಪ್ಪಿಟ್ಟಿತ್ತು.

ಎಡಗೈ ಕಟ್ಟಿಹಾಕಿದಂತಿತ್ತು, ಬಲಗೈ ಬಿಡುವಾಗಿತ್ತಲ್ಲ! ಫೋನು ತೆಗೆದರು. ತಮ್ಮ ಜೊತೆ ಅದೇ ರೂಟಿನಲ್ಲಿ ಬಸ್ಸು ಓಡಿಸಿದ್ದ ಡ್ರೈವರಿಗೆ ಮೊದಲ ಕರೆ. ಅವನ ಸೊಸೆ ಪಕ್ಕದ ಊರಿನ ಅದೇ ಆಸ್ಪತ್ರೆಯಲ್ಲಿ ನರ್ಸು. "ಯಾವತ್ತೂ ನಿನ್ನ ಹತ್ರ ಏನೂ ಕೇಳಿಲ್ಲ ಕಣೋ" ಎಂದು ಪೀಠಿಕೆ ಹಾಕತೊಡಗಿದರು. ಹೆಂಡತಿ ಫೋನು ಕಸಿದು ಉಳಿದದ್ದನ್ನು ಹೇಳಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಫೋನು ಬಂತು: ಅಲ್ಲಿಯವರೊಬ್ಬರು ಪರವೂರಿಗೆ ಹೋಗಿದ್ದಾರೆ, ಅವರ ಸರದಿ ಖಾಲಿ ಇದೆ, ಆಕೆ ಬೇಗ ಬರಲಿ.

ಡಿಪೋಗೆ ಎರಡನೆಯ ಕರೆ. ಆಸ್ಪತ್ರೆಯ ಗೇಟು ಯಾವ ಬಸ್ಸಿಗೂ ಸ್ಟಾಪಲ್ಲ, ಅಂದು ಮಾತ್ರ ಒಂದು ಬಸ್ಸು ನಿಂತಿತು. ಕಂಡಕ್ಟರ್ ಹುಡುಗಿ ಕೆಳಗಿಳಿದು ಟ್ಯೂಬಕ್ಕನ ಕೈ ಹಿಡಿದು ಹತ್ತಿಸಿಕೊಂಡಳು. ತಡವಾಯಿತೆಂದು ಗೊಣಗಿದವನೇ ಎದ್ದು ಸೀಟು ಬಿಟ್ಟುಕೊಟ್ಟನಂತೆ.

ರೈಟ್ ಮಾಮನ ಯಂತ್ರ ಇನ್ನೂ ನಿಂತಿರಲಿಲ್ಲ, ಆಕೆಯ ಫೋನು ಬಂತು.

"ಅಣ್ಣ, ಹಾಕಿದ್ರು. ನಡೀತಾ ಇದೆ."

ಅವರಿಗೆ ಅಳು ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ಸೂಜಿ, ಒಂದು ಕೈಯಲ್ಲಿ ಫೋನು. ಹೆಂಡತಿಯೇ ಅಂಗೈಯಿಂದ ಅವರ ಕೆನ್ನೆ ಒರೆಸಿದರು. ಡ್ರೈವರನ್ನು, ಅವನ ಸೊಸೆಯನ್ನು, ಸಿಸ್ಟರನ್ನು, ಹೆಸರು ಗೊತ್ತಿಲ್ಲದ ಆ ಕಂಡಕ್ಟರ್ ಹುಡುಗಿಯನ್ನು ಒಬ್ಬೊಬ್ಬರನ್ನೇ ನೆನೆದು ಮನಸ್ಸಿನಲ್ಲೇ ಕೈಮುಗಿದರು. ಆಮೇಲೆ ಕೇಳಿದರು:

"ಅಲ್ಲಿ ಟ್ಯೂಬು ಎಲ್ಲೀದಮ್ಮ?"

"ಕವರ್ ಓದಿದೆ ಅಣ್ಣ. ಕಂಪನಿ ಬೇರೆ, ದೇಶ ಅದೇ."

"ಯಾರು ಸುತ್ತಿಟ್ರೋ, ಅವರ ಹೊಟ್ಟೆ ತಣ್ಣಗಿರಲಿ" ಎಂದರು ರೈಟ್ ಮಾಮ. ಬಾಯಿಮಾತಿಗೆ ಅಂದದ್ದಲ್ಲ. ಮತ್ತೆ ಕೇಳಿದರು: "ಇನ್ನೆಷ್ಟಿದೆಯಂತೆ?"

"ಕಪಾಟು ತೆಗೆದಾಗ ಕಣ್ಣಿಗೆ ಬಿತ್ತು." ಆಕೆ ಉಸಿರೆಳೆದುಕೊಂಡಳು. "ಕೇಳ್ಬೇಡಿ ಅಣ್ಣ."

ಇಬ್ಬರ ಯಂತ್ರಗಳ ಸದ್ದೂ ಫೋನಿನಲ್ಲಿ ಒಂದಾಗಿ ಕೇಳುತ್ತಿತ್ತು.

"ನಾಡಿದ್ದು ಬರ್ತೀರಲ್ಲ?" ಎಂದಳು ಆಕೆ.

"ಬರ್ತೀನಮ್ಮ. ಟ್ಯೂಬು ಇರ್ಲಿ, ಇಲ್ದೇ ಇರ್ಲಿ, ಇಬ್ರೂ ಬರೋಣ. ಮನೇಲಿ ಮಾತ್ರ ಕೂರೋದು ಬೇಡ."