ಮಿಸ್ಸಿಂಗ್

ಕಾರು ಕೆಟ್ಟರೆ ನನಗೆ ಒಳಗೊಳಗೇ ಸಮಾಧಾನ ಆಗುತ್ತಿದ್ದ ದಿನಗಳಿದ್ದವು. ಕೆಟ್ಟಿರುವುದು ಕಾರೇ ಆಗಿರಲಪ್ಪಾ, ಪ್ಲೀಸ್ ಪ್ಲೀಸ್ ಎಂದು ಬೇಡಿಕೊಳ್ಳುತ್ತಿದ್ದೆ. ಕಾರಿಗಾದರೆ ಪಾರ್ಟ್ಸ್ ಸಿಗುತ್ತದೆ.

ನಾವಿರುವುದು ತಿ. ನರಸೀಪುರದಲ್ಲಿ. ನಮ್ಮ ಯಜಮಾನರು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುತ್ತಿದ್ದವರು. ರಿಟೈರ್ ಆಗುವ ಮುಂಚೆ ತೆಗೆದುಕೊಂಡ ಪುಟ್ಟ ಪೆಟ್ರೋಲ್ ಕಾರೇ ಈಗಲೂ ಇರುವುದು. ಅದಕ್ಕೆ ಏನೇ ಆಗಲಿ, ಮೊದಲು ಇವರೇ ನೋಡಬೇಕು, ಆಮೇಲೆ ಮೆಕ್ಯಾನಿಕ್. ಸ್ಟಾರ್ಟ್ ಆಗಲಿಲ್ಲ ಅಂದರೆ ನನ್ನನ್ನು ಕರೆದು ಸ್ಟೂಡೆಂಟಿಗೆ ಹೇಳುವ ಹಾಗೆ ಹೇಳುತ್ತಿದ್ದರು: "ಮೊದಲು ಹಾರ್ನ್ ಒತ್ತು. ಗಟ್ಟಿಯಾಗಿ ಕೂಗಿದರೆ ಬ್ಯಾಟರಿ ಸರಿಯಾಗಿದೆ ಅಂತ. ನೆಗಡಿ ಬಂದವರ ಹಾಗೆ ಕೂಗಿದರೆ ಟರ್ಮಿನಲ್ ನೋಡು, ಬಿಳೀ ಪುಡಿ ಕಟ್ಟಿರುತ್ತೆ, ಬಿಸಿನೀರು ಹಾಕಿ ತೊಳಿ. ಸುಮ್ಮಸುಮ್ಮನೆ ಕೀ ತಿರುಗಿಸಿ ತಿರುಗಿಸಿ ಅದರ ಪ್ರಾಣ ತೆಗೀಬೇಡ." ನಾನು ಹ್ಞೂಂ ಅನ್ನುತ್ತಿದ್ದೆ. ನನ್ನ ತಲೆಗೆ ಏನೂ ಹೋಗುತ್ತಿರಲಿಲ್ಲ. ಇವರಿದ್ದಾರಲ್ಲ, ನನಗ್ಯಾಕೆ ಬೇಕು?

ಹೋದ ವರ್ಷ ಬ್ಯಾಟರಿ ಮೇಲಿಂದ ಮೇಲೆ ಡೌನ್ ಆಗತೊಡಗಿತು. ಹಳೇದಾಯಿತು ಅಂತ ಹೊಸದು ಹಾಕಿಸಿದರು. ಅದೂ ಡೌನ್. ಎಲ್ಲೋ ಕರೆಂಟ್ ಲೀಕ್ ಆಗ್ತಿದೆ ಅಂತ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ಇಟ್ಟು ನೋಡಿದರು. ಎಲ್ಲೂ ಲೀಕ್ ಇರಲಿಲ್ಲ. ಒಂದು ಸಂಜೆ ತುಳಸಿಗೆ ದೀಪ ಇಡಲು ಹೊರಗೆ ಬಂದರೆ, ಪೋರ್ಟಿಕೋದಲ್ಲಿ ಕಾರಿನ ಪಾರ್ಕಿಂಗ್ ಲೈಟು ಮಂಕಾಗಿ ಉರಿಯುತ್ತಿತ್ತು. ಮಧ್ಯಾಹ್ನವೇ ಬಂದು ನಿಲ್ಲಿಸಿದ್ದ ಗಾಡಿ. ನಾನೇ ಆಫ್ ಮಾಡಿ ಒಳಗೆ ಬಂದೆ. ಇವರಿಗೆ ಹೇಳಲಿಲ್ಲ. ಆಮೇಲೊಂದು ದಿನ ವೈಪರ್ ಹಾಕಿದರೆ ಗ್ಲಾಸಿನ ಮೇಲೆಲ್ಲ ಹಸಿರು ಹಸಿರು ನೀರು. ರೇಡಿಯೇಟರಿಗೆ ಹಾಕುವ ಕೂಲೆಂಟನ್ನು ವೈಪರ್ ನೀರಿನ ಡಬ್ಬಕ್ಕೆ ಸುರಿದುಬಿಟ್ಟಿದ್ದರು. ಇಬ್ಬರೂ ನಕ್ಕೆವು. ನಗುತ್ತಿದ್ದಾಗಲೇ ನನಗೆ ಆ ಪಾರ್ಕಿಂಗ್ ಲೈಟು ನೆನಪಾಯಿತು.

ಮೈಸೂರಿನ ಡಾಕ್ಟರು ನೋಡಿ, "ಮರೆವಿನ ಕಾಯಿಲೆ, ಸದ್ಯಕ್ಕೆ ಮೈಲ್ಡ್" ಅಂದರು. ದೂರ ಒಬ್ಬರನ್ನೇ ಬಿಡಬೇಡಿ, ಗಾಡಿ ಓಡಿಸುವುದನ್ನು ನಿಧಾನವಾಗಿ ಕಮ್ಮಿ ಮಾಡಿಸಿ ಅಂದರು. ಹೇಳುವುದು ಸುಲಭ. ಇವರ ಕೈಯಿಂದ ಕಾರಿನ ಕೀ ತೆಗೆದುಕೊಳ್ಳುವುದೂ ಒಂದೇ, ಕೈಯನ್ನೇ ತೆಗೆದುಕೊಳ್ಳುವುದೂ ಒಂದೇ. ನಾನೇ ಪಕ್ಕದಲ್ಲಿ ಕೂತು ಹೋಗಿ ಬರುವುದು ಅಂತ ಮನಸ್ಸಿನಲ್ಲೇ ಒಂದು ರೂಲ್ ಮಾಡಿಕೊಂಡೆ.

ಆ ರೂಲ್ ಮುರಿದ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಇವರು ಬಾನೆಟ್ ತೆಗೆದು ಸ್ಪಾರ್ಕ್ ಪ್ಲಗ್ ಬಿಚ್ಚಿಕೊಂಡು ಕೂತಿದ್ದರು. ಒಂದೊಂದನ್ನೂ ಉಪ್ಪುಕಾಗದದಿಂದ ತಿಕ್ಕಿ, ಬಾಯಲ್ಲಿ ಊದಿ, ಮತ್ತೆ ಹಾಕುವುದು. ನಾನು ಕಾಫಿ ಕೊಟ್ಟು ಬಂದೆ. ಆಮೇಲೆ ಸ್ಟಾರ್ಟ್ ಮಾಡಿದರೆ ಗಾಡಿ ಚಳಿಜ್ವರ ಬಂದ ಹಾಗೆ ನಡುಗಿತು.

"ನಂಜನಗೂಡಿಗೆ ಹೋಗಿ ತೋರಿಸಿಕೊಂಡು ಬರ್ತೀನಿ" ಅಂದರು. ಅಲ್ಲಿ ಇವರ ಹಳೇ ಮೆಕ್ಯಾನಿಕ್ ಇದ್ದಾನೆ. ಮುಕ್ಕಾಲು ಗಂಟೆಯ ದಾರಿ.

"ಇರಿ, ನಾನೂ ಬರ್ತೀನಿ."

"ಶೆಡ್‌ನಲ್ಲಿ ನಿನಗೇನೇ ಕೆಲಸ? ಮೂಗು ಮುಚ್ಕೊಂಡು ಕೂರೋಕೆ ಬರ್ತೀಯಾ?"

ನಾನು ಸೀರೆ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಗೇಟು ಹಾರು ಹೊಡೆದಿತ್ತು, ಕಾರು ಇರಲಿಲ್ಲ. ಮೊಬೈಲು ಫ್ರಿಜ್ಜಿನ ಮೇಲೇ ಇತ್ತು.

ಮಧ್ಯಾಹ್ನವಾಯಿತು. ಊಟ ಸೇರಲಿಲ್ಲ. ಆಮೇಲೆ ಫೋನ್ ಬಂತು. ಮೆಕ್ಯಾನಿಕ್. ಹಿಂದೆ ಏನೋ ಕೊಯ್ಯುವ ಮಿಷನ್ನಿನ ಕರ್ಕಶ ಸದ್ದು. "ಅಮ್ಮಾವ್ರಾ? ಸಾ..." ಸದ್ದು. "...ಮಿಸ್ಸಿಂಗು ಕಣವ್ವ. ಎಲ್ಲಾ ಕಡೇಲೂ ನೋಡ್ತಾವ್ನಿ, ಗೊತ್ತಾಯ್ತಿಲ್ಲ. ಗಾಡಿ ಇಲ್ಲೇ ಶೆಡ್‌ನಲ್ಲಿ ನಿಂತದೆ. ನೀವ್ ಗಾಬ್ರಿ ಬೀಳ್ಬ್ಯಾಡಿ..." ಕಟ್ ಆಯಿತು. ತಿರುಗಿ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವವರಿಲ್ಲ.

ಮಿಸ್ಸಿಂಗ್. ಗಾಡಿ ಇದೆ, ಇವರಿಲ್ಲ.

ಬಸ್ಸು ಹತ್ತಿದ್ದು ನೆನಪಿದೆ, ಮನೆಗೆ ಬೀಗ ಹಾಕಿದ್ದು ನೆನಪಿಲ್ಲ. ನಂಜನಗೂಡು ಅಂದರೆ ಸಣ್ಣ ಊರಲ್ಲ. ದೇವಸ್ಥಾನಕ್ಕೆ ಬಂದವರ ಗುಂಪು, ರೈಲ್ವೆ ಸ್ಟೇಷನ್ನು, ಊಟಿ ಕಡೆಗೆ ಹೋಗುವ ಬಸ್ಸುಗಳು. ಇವರು ಯಾವುದನ್ನಾದರೂ ಹತ್ತಿ ಕೂತಿದ್ದರೆ? ಮತ್ತೆ ಆ ಹೊಳೆ. ಹೊಳೆಯ ಮೆಟ್ಟಿಲು ನೆನಪಾದ ಕೂಡಲೇ ನಾನು ಬೇರೆ ಕಡೆ ಯೋಚನೆ ತಿರುಗಿಸಲು ನೋಡಿದೆ. ಅದು ತಿರುಗಿದ್ದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸುತ್ತಾರಲ್ಲ, 'ಕಾಣೆಯಾಗಿದ್ದಾರೆ', ಆ ಚೀಟಿಗಳ ಕಡೆಗೆ. ಗೋಧಿ ಮೈಬಣ್ಣ. ಕೋಲು ಮುಖ. ಸಾಧಾರಣ ಮೈಕಟ್ಟು. ಕನ್ನಡ, ಇಂಗ್ಲಿಷ್ ಮಾತನಾಡುತ್ತಾರೆ. ಧರಿಸಿದ್ದ ಬಟ್ಟೆ... ಅಲ್ಲಿಗೆ ಬಂದು ನಿಂತುಬಿಟ್ಟೆ. ಬೆಳಿಗ್ಗೆ ಇವರು ಹಾಕಿಕೊಂಡಿದ್ದ ಶರ್ಟು ಯಾವುದು? ಎದುರಿಗೆ ನಿಂತು ಕಾಫಿ ಕೊಟ್ಟಿದ್ದೇನೆ. ಬಣ್ಣ ಹೊಳೆಯಲೇ ಇಲ್ಲ.

ಪಕ್ಕದಲ್ಲಿ ಸೊಪ್ಪಿನ ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಮುಖ ನೋಡಿದಳು. "ಯಾಕವ್ವ ಇಂಗ್ ಬೆವೀತಿದ್ದೀರಿ? ಕಿಟ್ಕಿ ತಗೀಲಾ?"

"ನಮ್ಮನೆಯವರು ಕಾಣಿಸ್ತಿಲ್ಲ ಅಂತ ಫೋನ್ ಬಂತು."

"ಕುಡೀತಾರಾ?"

"ಇಲ್ಲ."

"ಜಗಳ ಗಿಗಳ ಏನಾರಾ?"

"ಇಲ್ಲಮ್ಮ."

"ಅಂಗಾದ್ರೆ ಎಲ್ ಓದಾರು ಬುಡಿ. ನಮ್ಮನೇದು ದಿನಾ ಕುಡ್ದು ಕಳ್ದೋಯ್ತದೆ, ವತ್ತಾರೆ ಎದ್ ನೋಡಿದ್ರೆ ಜಗ್ಲೀಲೇ ಬಿದ್ದಿರ್ತದೆ."

ಸುತ್ತೂರು ದಾಟುವವರೆಗೂ ಅವಳು ನನ್ನ ಮೊಣಕೈ ಹಿಡಿದುಕೊಂಡೇ ಕೂತಿದ್ದಳು.

ಆಟೋ ಇಳಿದು ಶೆಡ್ಡಿನೊಳಕ್ಕೆ ಕಾಲಿಟ್ಟರೆ, ಒಂದು ಹಳೇ ಟೈರಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ. ನೀಲಿ ಶರ್ಟು. ನಮ್ಮ ಯಜಮಾನರು.

"ನೀನ್ಯಾಕೆ ಬಂದೆ? ಗಾಬರಿಯಾಗಬೇಡ ಅಂತ ಇವನ ಕೈಲಿ ಫೋನ್ ಮಾಡಿಸಿದೆನಲ್ಲ."

ಮೆಕ್ಯಾನಿಕ್ ಕಡೆ ತಿರುಗಿ, "ಮಿಸ್ಸಿಂಗ್ ಅಂದ್ರಲ್ಲಪ್ಪ" ಅಂದೆ.

"ಊಂ ಕಣವ್ವ. ಇಂಜಿನ್ನು ಮಿಸ್ಸಿಂಗ್ ಒಡೀತಿತ್ತು. ನಾಕು ಸಿಲಿಂಡರ್‌ಲಿ ಒಂದು ಫೈರ್ ಆಯ್ತಿರ್ಲಿಲ್ಲ. ಅದ್ಕೇ ಅಂಗ್ ನಡುಗ್ತಿದ್ದುದು."

ಮೊದಲು ಅರ್ಥವಾದದ್ದು ಇವರಿಗೆ. ಟೀ ನೆತ್ತಿಗೇರುವ ಹಾಗೆ ನಕ್ಕರು. "ನಾನೇ ಮಿಸ್ಸಿಂಗ್ ಅಂದ್ಕೊಂಡ್ಯಾ? ನಿಮ್ಮಪ್ಪ ಕಾನ್ವೆಂಟಿಗೆ ಕಟ್ಟಿದ ಫೀಸೆಲ್ಲ ದಂಡ ಹೋಯ್ತಲ್ಲೇ."

"ಅವರ್ ಇಂಗ್ಲೀಸೇ ಬ್ಯಾರೆ, ನಮ್ ಇಂಗ್ಲೀಸೇ ಬ್ಯಾರೆ ಬುಡಿ ಸಾ" ಅಂದ ಮೆಕ್ಯಾನಿಕ್.

ನಾನೂ ನಕ್ಕೆ. ನಮ್ಮ ಸಿಸ್ಟರ್‌ಗಳು ಕಲಿಸಿದ ಮಿಸ್ಸಿಂಗ್‌ಗೆ ಇಂಥದೊಂದು ಅರ್ಥ ಇರಲಿಲ್ಲ. ಅಲ್ಲೇ ಒಂದು ಡಬ್ಬದ ಮೇಲೆ ಕುಕ್ಕರಿಸಿದೆ. "ಕೊನೆಗೆ ಏನಾಗಿತ್ತು?" ಅಂತ ಕೇಳಿದೆ. ಕೇಳಬಾರದಿತ್ತೇನೋ.

"ಏನಿಲ್ಲ ಕಣವ್ವ. ಪೆಟ್ರೋಲ್ ಪೈಪ್ ನೋಡ್ದೆ, ಕಾಯಿಲ್ ನೋಡ್ದೆ, ಅರ್ಧ ದಿನ ತಲೆ ಕೆರ್ಕಂಡೆ. ನೋಡುದ್ರೆ ಕೊನೇ ಪ್ಲಗ್ ಮೇಲಿನ ಕ್ಯಾಪ್ ಸರ್ಯಾಗಿ ಕೂತಿಲ್ಲ. ಒತ್ತಿದೆ, ಟಕ್ ಅಂತು, ಸರಿಯೋಯ್ತು. ಯಾರೋ ಬಿಚ್ಚಿ, ಒತ್ತೋದ್ ಮರ್ತವ್ರೆ."

ಇವರ ನಗು ನಿಂತಿತು. ಕ್ಲಾಸ್‌ರೂಮಿನ ದನಿಯಲ್ಲಿ, "ಯಾರಯ್ಯ ಮರ್ತವರು? ನನ್ನ ಗಾಡಿ ಬಾನೆಟ್‌ನ ನಿನ್ನ ಬಿಟ್ಟು ಯಾರೂ ಮುಟ್ಟಲ್ಲ" ಅಂದರು.

ಮೆಕ್ಯಾನಿಕ್ ಇವರ ಕೈ ನೋಡಿದ. ನಾನೂ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಮಸಿ. ಅವನು ತಲೆ ತಗ್ಗಿಸಿ ಬಟ್ಟೆಯಲ್ಲಿ ಸ್ಪ್ಯಾನರ್ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

ಬಸ್ಸಿನಲ್ಲಿ ಪಟ್ಟ ಭಯಕ್ಕೆ ಒಂದು ಕೊನೆ ಇತ್ತು, ಇವರು ಸಿಕ್ಕರೆ ಮುಗಿಯುತ್ತಿತ್ತು. ಇಲ್ಲಿ ಇವರು ಎದುರಿಗೇ ಕೂತಿದ್ದಾರೆ.

"ನೀನು ನೋಡಿದ್ಯಾ, ಯಾರಾದ್ರೂ ಮುಟ್ಟಿದ್ದು?" ಅಂತ ನನ್ನನ್ನೇ ಕೇಳಿದರು.

ಗೊತ್ತಿಲ್ಲ ಅನ್ನಬಹುದಿತ್ತು. ಪಾರ್ಕಿಂಗ್ ಲೈಟಿನ ಹಾಗೆ ಇದನ್ನೂ ಸದ್ದಿಲ್ಲದೆ ಆಫ್ ಮಾಡಿ ಒಳಗೆ ಹೋಗಬಹುದಿತ್ತು. ಆದರೆ ಇವರು ಇನ್ನೇನು ತಪ್ಪಿಲ್ಲದ ಮೆಕ್ಯಾನಿಕ್ ಮೇಲೆ ಹರಿಹಾಯುವವರಿದ್ದರು. "ನೀವೇ ಕಣ್ರೀ" ಅಂದೆ. "ಬೆಳಿಗ್ಗೆ. ಪ್ಲಗ್ ಉಜ್ಜುತ್ತಿದ್ರಿ. ಕಾಫಿ ತಂದುಕೊಟ್ಟೆನಲ್ಲ."

ಬಹಳ ಹೊತ್ತು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಕುಡಿದೆನಾ ಕಾಫಿ?" ಅಂದರು.

"ಕುಡಿದ್ರಿ."

ಎದ್ದು ಕಾರಿನ ಹತ್ತಿರ ಹೋದರು. ಡ್ರೈವರ್ ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ನಿಂತರು. "ದಾರಿ ಗೊತ್ತು ನನಗೆ" ಅಂದರು. ಯಾರೂ ಕೇಳಿರಲಿಲ್ಲ. ಕೊನೆಗೆ ಬಾಗಿಲು ತೆರೆದು ನನ್ನನ್ನು ನೋಡಿ, "ಕೂತ್ಕೋ. ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡು" ಅಂದು ತಾವು ಸುತ್ತಿಕೊಂಡು ಆ ಕಡೆಗೆ ಹೋದರು.

ಮೈಸೂರಿನಲ್ಲಿ ಟೀಚರ್ ಆಗಿದ್ದಾಗ ನಾನೂ ಡ್ರೈವ್ ಮಾಡುತ್ತಿದ್ದೆ. ಅದೆಲ್ಲ ಬಿಟ್ಟು ಎಷ್ಟೋ ಕಾಲವಾಗಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಪಕ್ಕದಲ್ಲಿ ನುಗ್ಗುವ ಬೈಕುಗಳು, ಸ್ಟಿಯರಿಂಗ್ ಮೇಲೆ ಜಾರುವ ಅಂಗೈ. ಇವರು ದಾರಿಯುದ್ದಕ್ಕೂ ಹೇಳಿಕೊಡುತ್ತ ಬಂದರು. ಕ್ಲಚ್ ಮೇಲಿಂದ ಕಾಲು ತೆಗಿ. ಈಗ ಗೇರ್ ಇಳಿಸು. ಅವಸರ ಬೇಡ, ಹೋಗಲಿ ಅವನು. ಒಂದು ಮಾತೂ ತಪ್ಪಿರಲಿಲ್ಲ.

ಅಂದಿನಿಂದ ಗಾಡಿ ಓಡಿಸುವುದು ನಾನೇ. ಏನೇ ಸದ್ದು ಬಂದರೂ ಇವರನ್ನೇ ಕೇಳುತ್ತೇನೆ, ಇವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಹೇಳುತ್ತಾರೆ. ಹೋದ ವಾರ ಬನ್ನೂರಿನ ರಸ್ತೆಯಲ್ಲಿ ಬಾನೆಟ್ಟಿನೊಳಗೆ ಕೀಚ್ ಅಂತ ಹಕ್ಕಿ ಕೂಗಿದ ಹಾಗೆ ಕೇಳಿಸಿತು. "ಬೆಲ್ಟ್ ಸಡಿಲ ಆಗಿದೆ. ಹೆದರಬೇಡ, ಮನೆವರೆಗೂ ಬರುತ್ತೆ" ಅಂದರು. ಹ್ಞೂಂ ಅಂದು ಓಡಿಸಿದೆ. ಮನೆ ಮುಟ್ಟಿದ ಮೇಲೆ ಇವರು ಕೈಕಾಲು ತೊಳೆಯಲು ಹೋದದ್ದು ನೋಡಿ, ಹಿತ್ತಲಿಗೆ ಹೋಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ.

"ಬೆಲ್ಟೇ ಕಣವ್ವ, ಇನ್ನೇನು" ಅಂದ.