ಎರಡು ತೂತಿನ ಜಂಬ

ಆಗ ನನಗೆ ನಲವತ್ತೆರಡು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಪಾಂಡವಪುರದಿಂದ ನಮ್ಮೂರಿಗೆ ಬರುತ್ತಿದ್ದ ನರ್ಸಮ್ಮ, ಯಾರು ಏನು ಹೇಳಿದರೂ ಕೊಡೆಯ ತುದಿಯಲ್ಲಿ ನೆಲ ಕೆರೆಯುತ್ತಾ, "ಅದ್ಸರಿ ಕಣವ್ವ, ಇನ್ನೇನು?" ಅನ್ನುತ್ತಿದ್ದರು.

ನನ್ನ ಅಂಡಾಶಯದ ನೀರುಗೆಡ್ಡೆಯನ್ನು ಮೈಸೂರಿನಲ್ಲಿ ಹೊಟ್ಟೆ ಕುಯ್ಯದೆ, ಎರಡು ಸಣ್ಣ ತೂತು ಮಾಡಿ ತೆಗೆದಿದ್ದರು. ಡೇರಿಗೆ ಹಾಲು ಹಾಕುವ ಸಾಲಿನಲ್ಲಿ ಸೆರಗು ಸರಿಸಿ ಆ ಕಲೆ ತೋರಿಸಿದ್ದೇ ತೋರಿಸಿದ್ದು. "ಇರುವೆ ಕಚ್ದಂಗಾಯ್ತು, ಅಷ್ಟೆಯ" ಎಂದು ಊರಿಗೆಲ್ಲ ಸಾರಿದ್ದೆ. ವರ್ಷದೊಳಗೆ ಅದೇ ಜಾಗದಲ್ಲಿ ನೋವು ಬಂತು. ಅಷ್ಟು ಜಂಬ ಕೊಚ್ಚಿದ ಬಾಯಲ್ಲಿ ನೋವು ಅನ್ನುವುದು ಹೇಗೆ? ಓಮದ ಕಷಾಯ ಕುಡಿದು ಸುಮ್ಮನಿದ್ದೆ.

ಒಂದು ದಿನ ಅದೇ ಸಾಲಿನಲ್ಲಿ ನಾನು ಹೊಟ್ಟೆ ಹಿಡಿದು ನಿಂತಿದ್ದನ್ನು ನರ್ಸಮ್ಮ ಕಂಡರು.

"ಗ್ಯಾಸು ಕಣ್ರಮ್ಮ," ಅಂದೆ.

"ಅದ್ಸರಿ ಕಣವ್ವ, ಇನ್ನೇನು?"

"ಬಗ್ಗುದ್ರೆ ಇಡ್ಕತದೆ."

"ಇನ್ನೇನು?"

"ಮುಟ್ಟಾದಾಗ ಪ್ರಾಣವೇ ಓಯ್ತದೆ."

ಅವರು ಹೊಟ್ಟೆ ನೋಡಲಿಲ್ಲ, ಮುಖ ನೋಡಿದರು. "ಹಾಲಿಗೆ ನೀರು ಬೆರೆಸ್ದೋಳಂಗೆ ನಿಂತಿದ್ದೀಯಲ್ಲ! ತೂತು ಚಿಕ್ದಾದ್ರೆ ಒಳಗಿನ ಗಾಯನೂ ಚಿಕ್ದಾ? ಒಳಗೆ ಅಂಟ್ಕೊಂಡಿರ್ಬೋದು, ಇನ್ನೊಂದು ಗೆಡ್ಡೆ ಬಂದಿರ್ಬೋದು. ಡಾಕ್ಟ್ರಿಗೆ ತೋರ್ಸು."

ಹಿಂದಿದ್ದವರು ಕಿಸಕ್ಕೆಂದರು.

ಮಾರನೆಯ ಬೆಳಿಗ್ಗೆ ನಕ್ಕವರಲ್ಲೇ ಒಬ್ಬಳ ಕೈಗೆ ಹಾಲಿನ ಕ್ಯಾನು ಕೊಟ್ಟು, "ಗ್ಯಾಸಲ್ಲ ಕಣ್ರವ್ವ, ನೋವು" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿ ಮೈಸೂರಿನ ಬಸ್ಸು ಹತ್ತಿದೆ.