ಲ್ಯಾಡಿ ಆರಿಸಿಕೊಂಡ ವಿಮೆ

ಅಲ್ಬೀನಾ ಕುಖ್ತಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಟೇಬರ್ ಕ್ರೀಕ್‌ನ ಅರ್ಧ ಊರನ್ನು ಮೂಗು ಸೋರುವ ವಯಸ್ಸಿನಲ್ಲೇ ಬಸ್ಸಿನ ಕನ್ನಡಿಯಲ್ಲಿ ನೋಡಿದ್ದಳು. ಹಾಗಾಗಿ ಮುಂದೆ ಅವರು ಬ್ಯಾಂಕಿನ ಮ್ಯಾನೇಜರಾಗಲಿ, ಚರ್ಚಿನ ಪಾದ್ರಿಯಾಗಲಿ, ಅವಳ ಕಣ್ಣಿಗೆ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡವರಾಗಿಯೇ ಉಳಿದರು. ಊರಿನಲ್ಲಿ ಅವಳು ಮೆಚ್ಚಿದ ಮನುಷ್ಯನೇ ಇರಲಿಲ್ಲ. ಗಂಡನನ್ನು ಮಾತ್ರ, ಅವನು ತೀರಿಕೊಂಡ ಮೇಲೆ, ಸ್ವಲ್ಪ ಮೆಚ್ಚತೊಡಗಿದ್ದಳು.

ಅಕ್ಟೋಬರ್ ಬಂತೆಂದರೆ ಅವಳ ತಾತ್ಸಾರಕ್ಕೆ ಸುಗ್ಗಿ. ಅರವತ್ತೈದು ದಾಟಿದವರು ಮುಂದಿನ ವರ್ಷಕ್ಕೆ ಯಾವ ಕಂಪನಿಯ ಔಷಧಿ ವಿಮೆ ಬೇಕೆಂದು ಆರಿಸಿಕೊಳ್ಳುವ ಕಾಲ ಅದು. ಒಮ್ಮೆ ಆರಿಸಿದರೆ ವರ್ಷ ಪೂರ್ತಿ ಅದೇ ವಿಮೆ, ಕಂಪನಿಯ ಪಟ್ಟಿಯಲ್ಲಿಲ್ಲದ ಔಷಧಿಗೆ ಬಿಡಿಗಾಸೂ ಸಿಗದು. ಟೀವಿ ಹಾಕಿದರೆ ಎಂದೋ ಮರೆತುಹೋದ ನಟರು ಹಲ್ಲು ಕಿರಿದು, ಈಗಲೇ ಫೋನ್ ಮಾಡಿ ಎನ್ನುತ್ತಿದ್ದರು. ಅಂಚೆ ಡಬ್ಬಿಯ ತುಂಬ ಸೈಕಲ್ ತುಳಿಯುವ, ಸೇಬು ಕಚ್ಚುವ ಮುದುಕ ಮುದುಕಿಯರ ಚಿತ್ರಗಳು. ಮಂಡಿನೋವೇ ಇಲ್ಲದ ಇವರಿಗೆ ಔಷಧಿ ಯಾತಕ್ಕೆ ಎಂದು ಗೊಣಗುತ್ತ ಅಲ್ಬೀನಾ ಅವುಗಳನ್ನು ನೇರ ಒಲೆಗೆ ಹಾಕುತ್ತಿದ್ದಳು. ಆಮೇಲೆ ತನ್ನ ಮಾತ್ರೆಯ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಔಷಧಿ ಅಂಗಡಿಯ ಮರ್ನಾಳ ಹತ್ತಿರ ಹೋಗಿ, ಯಾವ ಕಂಪನಿಯ ಪಟ್ಟಿಯಲ್ಲಿ ತನ್ನ ಮಾತ್ರೆಗಳೆಲ್ಲ ಇವೆ ಎಂದು ಒಂದೊಂದಾಗಿ ನೋಡಿಸಿ, ಥ್ಯಾಂಕ್ಸ್ ಕೂಡ ಹೇಳದೆ ವಾಪಸು ಬರುತ್ತಿದ್ದಳು.

ಅವಳ ತಮ್ಮ ಲ್ಯಾಡಿಗೆ ಇಂಥ ವ್ಯವಧಾನವಿರಲಿಲ್ಲ. ಮದುವೆಯಾಗದ ಅವನು ಕ್ಷೌರದ ಅಂಗಡಿ ಮುಚ್ಚಿ, ಎರಡು ಬೀದಿಯಾಚೆ ಒಬ್ಬನೇ ಇದ್ದ. ಯಾರ ಮಾತಿಗೂ ಇಲ್ಲ ಎನ್ನಲಾರದ ಸ್ವಭಾವ. ಅವನ ಹೃದಯ ತಾಳ ತಪ್ಪಿ ಬಡಿಯುತ್ತಿದ್ದುದರಿಂದ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆರಡು ಮಾತ್ರೆ ನುಂಗಬೇಕಿತ್ತು. ಭಾನುವಾರದ ಊಟ ಅಕ್ಕನ ಮನೆಯಲ್ಲಿ. ಆ ವರ್ಷ ಒಂದು ಭಾನುವಾರ, ಪಕ್ಕದ ಮನೆಯವರೂ ಊಟಕ್ಕೆ ಕೂತಿದ್ದಾಗ, ಅಲ್ಬೀನಾ ಹಂದಿಮಾಂಸ ಕೊಯ್ಯುತ್ತ ಅಂದಳು: “ನಿನ್ನ ಡಬ್ಬಿಗಳನ್ನ ತಂದು ನನ್ ಕೈಗೆ ಕೊಡು. ನಿನ್ನ ಪಾಡಿಗೆ ಬಿಟ್ರೆ ನಾಯಿಗೆ ಮಾಡೋ ವಿಮೆಗೂ ಸೈನ್ ಹಾಕಿ ಬರ್ತೀಯ.”

ಎಲ್ಲರೂ ನಕ್ಕರು. ಲ್ಯಾಡಿಯೂ ನಕ್ಕ. ಡಬ್ಬಿಗಳನ್ನು ಮಾತ್ರ ತರಲಿಲ್ಲ.

ಅದೇ ವಾರ ಬ್ರೆಂಟ್ ಹಾಲ್ವರ್‌ಸನ್ ಎಂಬ ಏಜೆಂಟ್ ಮಾಜಿ ಸೈನಿಕರ ಸಭಾಂಗಣದಲ್ಲಿ ಕಾಫಿ, ಹಣ್ಣಿನ ಬನ್ನು ಇಟ್ಟುಕೊಂಡು ಕೂತ. ಬಿಟ್ಟಿ ಬನ್ನಿನ ವಾಸನೆಗೆ ಊರಿನ ಮುದುಕರೆಲ್ಲ ಮುತ್ತಿದರು. ಮನೆಯಲ್ಲಿ ಬನ್ನು ಹಳಸುತ್ತಿದ್ದವರೂ ಕರವಸ್ತ್ರದಲ್ಲಿ ಎರಡೆರಡು ಕಟ್ಟಿಕೊಂಡರು. ತಮಾಷೆ ನೋಡಲೆಂದೇ ಬಂದ ಅಲ್ಬೀನಾ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಳು.

ಬ್ರೆಂಟ್‌ನ ಹಲ್ಲು ಸಾಲಾಗಿ ಬೆಳ್ಳಗಿದ್ದವು. ಆ ಹಲ್ಲಿನ ಹಿಂದೆ ಏನೂ ಇರಲಿಲ್ಲ. ಆದರೂ ಅವನು ಲ್ಯಾಡಿಗೆ ಸರ್ ಎಂದ. ತಾನೇ ಕಾಫಿ ಬಗ್ಗಿಸಿ ಕೊಟ್ಟ. ಎಷ್ಟು ವರ್ಷ ಅಂಗಡಿ ನಡೆಸಿದಿರಿ, ಮೊದಲ ಗಿರಾಕಿ ಯಾರು ಎಂದೆಲ್ಲ ಕೇಳಿ, ಕೊನೆತನಕ ಕೇಳಿಸಿಕೊಂಡ. ಲ್ಯಾಡಿಯ ಮಾತನ್ನು ಕೊನೆತನಕ ಕೇಳಿದವರು ಊರಿನಲ್ಲಿ ಬೇರಾರೂ ಇರಲಿಲ್ಲ.

ಅಲ್ಬೀನಾ ಕೂತಲ್ಲಿಂದಲೇ ಬಾಯಿ ಹಾಕಿದಳು. “ಅವನು ಯಾವ ಮಾತ್ರೆ ನುಂಗ್ತಾನೆ ಅಂತ ಗೊತ್ತೇನಪ್ಪಾ ನಿಂಗೆ?”

“ನಮ್ಮ ಪ್ಲಾನ್‌ನಲ್ಲಿ ಸಾವಿರಾರು ಔಷಧಿ ಇವೆ ಮೇಡಂ.”

“ಅಂಗಡೀಲಿ ಸಾವಿರ ಜೊತೆ ಬೂಟಿದ್ರೆ ಏನಾಯ್ತು? ಇವನ ಕಾಲಿಗೆ ಆಗೋದಿದೆಯಾ ಹೇಳು. ಅದನ್ನ ಕೇಳೋ ಬುದ್ಧಿ ಇವನಿಗಿಲ್ಲ, ಹೇಳೋ ಬುದ್ಧಿ ನಿನಗಿಲ್ಲ.”

ಸಭೆ ನಕ್ಕಿತು. ಲ್ಯಾಡಿಯ ಮುಖ ಕೆಂಪಾಯಿತು. ಅಕ್ಕನ ಕಡೆ ನೋಡದೆ, ಪೆನ್ನು ಕೇಳಿ ಇಸಿದುಕೊಂಡು ಅಲ್ಲೇ ಸೈನ್ ಹಾಕಿದ.

ಜನವರಿಯಲ್ಲಿ ಹೊಸ ಕಂಪನಿ ಒಂದು ತಿಂಗಳ ಮಟ್ಟಿಗೆ ರಿಯಾಯಿತಿ ತೋರಿಸಿ ಅವನ ಮಾತ್ರೆ ಕೊಟ್ಟಿತು. ಫೆಬ್ರವರಿಯಲ್ಲಿ, ಅದು ನಮ್ಮ ಪಟ್ಟಿಯಲ್ಲೇ ಇಲ್ಲ ಎಂದಿತು. ಪೂರ್ತಿ ಬೆಲೆ ಲ್ಯಾಡಿಯ ಕೈಗೆ ಎಟುಕುವಂತಿರಲಿಲ್ಲ. ಡಾಕ್ಟರ್ ಕಂಪನಿಗೆ ಬರೆದರೆ ಪಟ್ಟಿಯಲ್ಲಿಲ್ಲದ ಮಾತ್ರೆಗೂ ವಿನಾಯಿತಿ ಸಿಗಬಹುದು, ನಿಮ್ಮ ಅಕ್ಕನನ್ನು ಕೇಳಿ, ಅವರಿಗೆ ಇದೆಲ್ಲ ಗೊತ್ತು ಎಂದು ಮರ್ನಾ ಹೇಳಿದಳು. ಅಕ್ಕನ ಕಿವಿಗೆ ಮಾತ್ರ ಹಾಕಬೇಡಿ ಎಂದು ಅವನು ಬೇಡಿಕೊಂಡ. ಉಳಿದಿದ್ದ ಮಾತ್ರೆಗಳನ್ನು ಎರಡರ ಜಾಗದಲ್ಲಿ ಒಂದರಂತೆ ಎಳೆದ. ಅವು ಮುಗಿದ ಮೇಲೆ ಮಾತ್ರೆಯಿಲ್ಲದೆಯೇ ದಿನ ದೂಡಿದ.

ಮಾರ್ಚ್‌ನ ಒಂದು ಭಾನುವಾರ ಊಟದ ನಡುವೆ ಅವನ ಫೋರ್ಕ್ ಕೆಳಗೆ ಬಿತ್ತು. ಏನೋ ಹೇಳಲು ಹೋದ, ನಾಲಿಗೆ ಹೊರಳಲಿಲ್ಲ. “ಹಗಲೇ ಕುಡ್ಕೊಂಡು ಬಂದಿದೀಯಾ?” ಎಂದು ಅಲ್ಬೀನಾ ಗದರಿದಳು. ಹಾಗೆ ಅಂದಮೇಲೆ ತಲೆಯೆತ್ತಿದಳು. ಅವನ ಬಾಯಿ ಒಂದು ಕಡೆಗೆ ಜಾರಿತ್ತು. ಊರಿನ ಆಂಬುಲೆನ್ಸ್ ಓಡಿಸುವವನು ಅವಳ ಬಸ್ಸಿನಲ್ಲೇ ಬೆಳೆದವನು. ಅವನನ್ನು ನಂಬದೆ, ತಮ್ಮನನ್ನು ತೋಳು ಹಿಡಿದು ಎಳೆದು ಕಾರಿಗೆ ಹಾಕಿಕೊಂಡು ತಾನೇ ಆಸ್ಪತ್ರೆಗೆ ಓಡಿಸಿದಳು.

ಜೀವ ಉಳಿಯಿತು. ಬಲಗೈ ಪೂರ್ತಿ ವಶಕ್ಕೆ ಬರಲಿಲ್ಲ. ಮಾತ್ರೆ ನಿಲ್ಲಿಸಿದ್ದಿರಾ ಎಂದು ಡಾಕ್ಟರ್ ಅವಳೆದುರೇ ಕೇಳಿದಾಗ ಎಲ್ಲ ಹೊರಗೆ ಬಂತು.

ಡಾಕ್ಟರ್ ಹೋದ ಮೇಲೆ ಅವಳು ಕೇಳಿದಳು: “ನಂಗ್ಯಾಕೋ ಹೇಳ್ಲಿಲ್ಲ?”

ಲ್ಯಾಡಿಗೆ ಮಾತು ನಿಧಾನವಾಗಿ ಬರುತ್ತಿತ್ತು. “ಹೇಳಿದ್ರೆ ನೀನು ವಾರವಾರ ಊಟದ ಜೊತೆ ಅದನ್ನೂ ಬಡಿಸ್ತಿದ್ದೆ. ಅದಕ್ಕಿಂತ ಇದೇ ವಾಸಿ ಅನ್ನಿಸ್ತು.”

ಅಲ್ಬೀನಾ ಕಾರಿಡಾರಿಗೆ ಹೋಗಿ ನಿಂತಳು. ಸಿಟ್ಟು ಯಾರ ಮೇಲೆ ಇಳಿಸಬೇಕೆಂದು ತಿಳಿಯಲಿಲ್ಲ. ಬ್ರೆಂಟ್‌ಗೆ ಫೋನ್ ಮಾಡಿದಳು. ನಾನೀಗ ಬೇರೆ ಕಂಪನಿಯಲ್ಲಿದ್ದೇನೆ ಎಂದು ಅವನು ಅದೇ ಹಲ್ಲಿನ ದನಿಯಲ್ಲಿ ಹೇಳಿದ. ವಿಮೆ ಕಂಪನಿಗೆ ಮಾಡಿದಳು. ಪಿಟೀಲು ಕೇಳಿಸಿದರು, ನಿಮ್ಮ ಕರೆ ನಮಗೆ ಅಮೂಲ್ಯ ಎಂದರು, ಮತ್ತೆ ಪಿಟೀಲು ಕೇಳಿಸಿದರು. ಡಾಕ್ಟರಿಂದ ಬರೆಸಿ ಕಳಿಸಿದ ಮೇಲೆ ಕೆಲವೇ ದಿನಗಳಲ್ಲಿ ವಿನಾಯಿತಿ ಬಂತು. ಅಷ್ಟೇ ಕೆಲಸ. ಫೆಬ್ರವರಿಯಲ್ಲೇ ಆಗಬಹುದಿತ್ತು. ಅವಳು ಬದುಕಿನುದ್ದಕ್ಕೂ ಊರನ್ನೆಲ್ಲ ಹೀಗಳೆದಿದ್ದಳು. ಆಗ ಮೊದಲ ಸಲ ತನ್ನ ಬಗ್ಗೆಯೇ ಅಸಹ್ಯಪಟ್ಟಳು. ಅದು ಅವಳಿಗೆ ಒಗ್ಗಲಿಲ್ಲ. ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಬೈಯುವುದನ್ನು ಮಾತ್ರ ಬಿಡಲಿಲ್ಲ.

ಮತ್ತೆ ಅಕ್ಟೋಬರ್ ಬಂದಾಗ ಲ್ಯಾಡಿ ತಾನಾಗಿ ಡಬ್ಬಿಗಳ ಚೀಲ ಹಿಡಿದು ಬಂದ. ಔಷಧಿ ಅಂಗಡಿಗೆ ಕರೆದುಕೊಂಡು ಹೋಗು ಎಂದ. ಅಂಗಡಿಯ ಮುಂದೆ ಅವಳೂ ಇಳಿಯಲು ಹೋದಾಗ ತಡೆದ.

“ನೀನು ಕಾರಲ್ಲೇ ಕೂತಿರು.”

“ಅಲ್ವೋ, ನಿಂಗೆ—”

“ಕೂತಿರು ಅಂದೆ.”

ಅವಳು ಕೂತಳು. ಗಾಜಿನಾಚೆ ಅವನು ಎಡಗೈಯಲ್ಲಿ ಒಂದೊಂದೇ ಡಬ್ಬಿ ತೆಗೆದು ಮರ್ನಾಳ ಮುಂದಿಡುವುದು ಕಾಣುತ್ತಿತ್ತು. ಬಹಳ ಹೊತ್ತು ಹಿಡಿಯಿತು. ಎದುರಿನ ಸಭಾಂಗಣದಲ್ಲಿ ಯಾವನೋ ಹೊಸ ಏಜೆಂಟ್ ಬನ್ನು ಹಂಚುತ್ತಿದ್ದ. ಹೋದ ವರ್ಷ ಮೋಸಹೋದ ಮುಖಗಳೇ ಒಳಗೆ ನುಗ್ಗುತ್ತಿದ್ದವು. ಇವರಿಗೆ ಪ್ರಾಯವಾಯಿತೇ ಹೊರತು ಬುದ್ಧಿ ಬರಲಿಲ್ಲವೆಂದು ಅಲ್ಬೀನಾ ಕಾರಿನೊಳಗೇ ಉಗಿದಳು.

ಲ್ಯಾಡಿ ಬಂದು ಕೂತು, ತಾನು ಆರಿಸಿದ ಕಂಪನಿಯ ಹೆಸರು ಹೇಳಿದ. ಅವನ ಮಾತ್ರೆ ಪಟ್ಟಿಯಲ್ಲಿತ್ತು. ಆದರೆ ಅವಳಾಗಿದ್ದರೆ ಆರಿಸುತ್ತಿದ್ದುದು ಬೇರೆ. ಅವಳು ತುಟಿ ಬಿಗಿಹಿಡಿದು ಕೀಲಿ ತಿರುಗಿಸಿದಳು.

“ಏನಿದ್ರೂ ಹೇಳ್ಬಿಡು” ಎಂದ ಲ್ಯಾಡಿ.

“ಕೋಟಿನ ಗುಂಡಿ ತಪ್ಪಾಗಿ ಹಾಕ್ಕೊಂಡಿದೀಯ.”

“ಗೊತ್ತು” ಎಂದು ಅವನು ಕಿಟಕಿಯ ಕಡೆ ತಿರುಗಿದ.